ಅಲೋನಾಕಿಯ ಗೋಧಿ

ಕ್ರಿಸ್ಟಿನಾ ಮೊದಲ ಸಲ ಮುದುಕಿಯನ್ನು ‘ಯಾಯಾ’ ಎಂದು ಕರೆದಾಗ ಕಾಂಚನಾ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತ ನಿಂತಿದ್ದಳು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದು ಸೀದ ವಾಸನೆ ಎದ್ದರೂ ಅವಳ ಕೈ ಉರಿ ಆರಿಸಲು ಮುಂದಾಗಲಿಲ್ಲ.

ಆ ಮಾತು ಅವಳದಾಗಿತ್ತು. ಗ್ರೀಕರಲ್ಲಿ ಯಾಯಾ ಎಂದರೆ ಅಜ್ಜಿ. ಕುವೈತಿನ ಮೈದಾನ್ ಹವಲ್ಲಿಯ ಆ ಹಳೆಯ ಕಟ್ಟಡದಲ್ಲಿ ಮುದುಕಿಯ ವಸಿಲಿಕಿ ಎಂಬ ಹೆಸರು ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಬಾಗಿಲ ಕಾವಲಿನವನಿಂದ ಹಿಡಿದು ಕೆಳಗಿನ ಮೊಬೈಲ್ ಅಂಗಡಿಯವನವರೆಗೆ ಎಲ್ಲರಿಗೂ ಅವಳು ಗ್ರೀಕ್ ಮೇಡಂ. ಯಾಯಾ ಎನ್ನುವವಳು ಕಾಂಚನಾ ಒಬ್ಬಳೇ. ಹಾಗೆ ಕರೆಯಲು ಮುದುಕಿಯೇ ಕಲಿಸಿದ್ದಳು. ಮದುವೆಯಾಗಿ ಕುವೈತಿಗೆ ಬಂದ ಹೊಸತರಲ್ಲಿ ಕಾಂಚನಾ ಇಡೀ ದಿನ ಕಿಟಕಿಗೆ ಮುಖ ಕೊಟ್ಟು ಕೂರುತ್ತಿದ್ದಳು. ಗಂಡ ಶರಣು ಲಿಫ್ಟ್ ರಿಪೇರಿಯ ಕೆಲಸದವನು, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವವನು. ಒಮ್ಮೆ ತಾವಿದ್ದ ಇದೇ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕಿಕೊಂಡ ಮುದುಕಿಯನ್ನು ಅವನು ಬಿಡಿಸಿದ. ‘ನಿನ್ನ ಮನೆಯಲ್ಲಿ ಯಾರಿದ್ದಾರೆ’ ಎಂದು ಅವಳು ಕೇಳಿದಳು. ‘ಹೆಂಡತಿ. ಬಾಯಿ ಒಂದು ಇಲ್ಲ ಆಕೀಗೆ, ಕಣ್ಣು ಮಾತ್ರ ಅದಾವ’ ಎಂದ ಇವನು. ‘ಕಳಿಸು’ ಎಂದಳು ಅವಳು.

ಅಂದಿನಿಂದ ಗಂಡ ಅತ್ತ ಹೋದ ಕೂಡಲೇ ಕಾಂಚನಾ ಇತ್ತ ಮೆಟ್ಟಿಲಿಳಿದು ಯಾಯಾಳ ಮನೆ ಸೇರುತ್ತಿದ್ದಳು. ಅದು ಕೆಲಸವಾಗಿರಲಿಲ್ಲ. ಒಂದಿಷ್ಟು ಧೂಳು ಒರೆಸುವುದು, ಒಂದಿಷ್ಟು ತರಕಾರಿ ಹೆಚ್ಚುವುದು, ಉಳಿದ ಹೊತ್ತೆಲ್ಲ ಕೇಳುವುದು. ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟ ಕಾಂಚನಾಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಯಾಯಾಳಿಗೆ ಹಿಂದಿ ಅಷ್ಟಕ್ಕಷ್ಟೇ. ಇಬ್ಬರೂ ಸೇರಿ ಹಿಂದಿ, ಅರಬ್ಬಿ, ಇಂಗ್ಲಿಷಿನ ಚೂರುಗಳಿಗೆ ಬಾದಾಮಿ ಕಡೆಯ ಕನ್ನಡದ ಒಗ್ಗರಣೆ ಹಾಕಿ ತಮ್ಮದೇ ಒಂದು ಭಾಷೆ ಮಾಡಿಕೊಂಡಿದ್ದರು. ಲೋಕದಲ್ಲಿ ಅದನ್ನಾಡುವವರು ಇಬ್ಬರೇ ಎಂಬುದು ಕಾಂಚನಾಳಿಗೆ ಒಳಗೊಳಗೇ ಹೆಮ್ಮೆ.

ಆ ಭಾಷೆಯಲ್ಲಿ ಯಾಯಾ ಹೇಳುತ್ತಿದ್ದುದೆಲ್ಲ ಒಂದೇ ಊರಿನ ಕಥೆ. ಅಲೋನಾಕಿ ಎಂಬ ಹಳ್ಳಿ. ಹಾಗೆಂದರೆ ಸಣ್ಣ ಕಣ, ರಾಶಿ ಮಾಡುವ ಕಣ. ಗುಡ್ಡದ ಹೆಗಲ ಮೇಲೆ ನೂರು ಮನೆ. ಈಗ ಹೊಗೆಯೇಳುವುದು ಮೂರರಲ್ಲೋ ನಾಲ್ಕರಲ್ಲೋ. ಊರ ನಡುವಿನ ಕಲ್ಲಿನ ಕಣವನ್ನು ಯಾರು ಹಾಸಿದರೆಂದು ಯಾರಿಗೂ ತಿಳಿಯದು. ಚರ್ಚಿನ ಕಂಬಗಳು ಯಾವುದೋ ಹಳೆಯ ದೇವತೆಯ ಗುಡಿಯವು. ನೇಗಿಲು ಹೂಡಿದರೆ ಮಡಕೆ ಚೂರು ಏಳುತ್ತಿದ್ದವು. ಯಾಯಾ ಹುಡುಗಿಯಾಗಿದ್ದಾಗ ಪಟ್ಟಣದಿಂದ ಬಂದವರು ಅವರ ಹೊಲದ ಬದುವಿನಲ್ಲಿ ಅಗೆದು ಒಂದು ಪುರಾತನ ಸಮಾಧಿ ತೆರೆದರು. ಅದರೊಳಗಿನ ಮಣ್ಣಿನ ಬಟ್ಟಲಲ್ಲಿ ಸುಟ್ಟು ಕರ್ರಗಾದ ಗೋಧಿಯ ಕಾಳುಗಳಿದ್ದವು. ಅಗೆಯುವವರು ಬೆರಗಾದರು. ಊರಿನ ಹೆಂಗಸರು ಮಾತ್ರ ನಕ್ಕರಂತೆ, ನಾವು ಈಗಲೂ ಮಾಡುವುದು ಅದನ್ನೇ ಅಲ್ಲವೇ ಎಂದು.

ಅವರು ಮಾಡುತ್ತಿದ್ದುದು ಸತ್ತವರ ಗೋಧಿ. ಈಸ್ಟರ್ ಹಬ್ಬದಂದು ಸತ್ತವರೆಲ್ಲ ಬಿಡುಗಡೆಯಾಗಿ ಮನೆಗಳ ಸುತ್ತ, ಮರಗಳ ಕೊಂಬೆಗಳಲ್ಲಿ ಬಂದು ಕೂರುತ್ತಾರೆ. ಬೇಸಿಗೆ ಕಾಲಿಟ್ಟ ಮೇಲೆ ಒಂದು ಶನಿವಾರ ಅವರು ಹಿಂದಿರುಗಬೇಕು. ಹೊರಟವರನ್ನು ಬರಿಗೈಲಿ ಕಳಿಸಬಾರದೆಂದು ಹೆಂಗಸರು ಗೋಧಿ ಬೇಯಿಸಿ, ಸಕ್ಕರೆ, ಬಾದಾಮಿ, ದಾಳಿಂಬೆ ಕೂಡಿಸಿ ಚರ್ಚಿಗೆ ಒಯ್ಯುತ್ತಾರೆ. ಬೆಂದ ಕಾಳನ್ನು ಹರಡುವಾಗ ಸತ್ತವರ ಹೆಸರನ್ನು ಒಬ್ಬೊಬ್ಬರದಾಗಿ ಹೇಳುತ್ತಾರೆ. ಅಲೋನಾಕಿಯಲ್ಲಿ ಈಗ ಬೇಯಿಸುವವರಿಲ್ಲ. ಹೃದಯದ ಕಾಯಿಲೆಯ ಯಾಯಾ ಇನ್ನು ವಿಮಾನ ಹತ್ತುವಂತಿಲ್ಲ. ಆದ್ದರಿಂದ ಒಂದು ಊರಿನ ಸತ್ತವರೆಲ್ಲರ ಗೋಧಿ ವರ್ಷವರ್ಷ ಹವಲ್ಲಿಯ ಈ ಫ್ಲ್ಯಾಟಿನಲ್ಲಿ ಬೇಯುತ್ತಿತ್ತು.

ಮೊದಲ ವರ್ಷ ಕಾಂಚನಾ ಅದನ್ನು ಕೆಡಿಸಿದ್ದಳು. ಗೋಧಿ ಎಂದರೆ ಅವಳಿಗೆ ಹುಗ್ಗಿ. ಕಾಳು ಒಡೆದು ಕರಗುವವರೆಗೆ ಕುದಿಸಿ, ಬೆಲ್ಲ ಹಾಕಿ ಗೊಟಾಯಿಸಿ ಇಟ್ಟಿದ್ದಳು. ಯಾಯಾ ಸೌಟೆತ್ತಿ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಕಾಂಚನಾ, ಸತ್ತವರಿಗೆ ಹಲ್ಲು ಇವೆ” ಎಂದಳು. ಆಮೇಲೆ ಕೈಹಿಡಿದು ತೋರಿಸಿದಳು. ಕಾಳು ಬಿರಿಯಬೇಕು, ಒಡೆಯಬಾರದು. ಬಸಿದ ಮೇಲೆ ಬಿಳಿ ಬಟ್ಟೆಯ ಮೇಲೆ ಹರಡಿ, ಪ್ರತಿ ಕಾಳೂ ಒಣಗಿ ಬಿಡಿಬಿಡಿಯಾಗುವವರೆಗೆ ಗಾಳಿಗೆ ಬಿಡಬೇಕು. ಮುಚ್ಚಿದರೆ ಬೆವರಿ ಹುಳಿಯುತ್ತದೆ. ಒಂದೊಂದು ಕಾಳು ಒಬ್ಬೊಬ್ಬರು. ಅಂಟಿಕೊಂಡರೆ ಯಾರ ಪಾಲು ಯಾರಿಗೆ ಎಂದು ತಿಳಿಯುವುದು ಹೇಗೆ? ಮರುವರ್ಷ ಕಾಂಚನಾಳೇ ಎಲ್ಲವನ್ನೂ ಮಾಡಿದಳು. ಹೆಸರುಗಳೂ ಅವಳಿಗೆ ಬಾಯಿಪಾಠವಾದವು. ಗಿರಣಿಯ ಯೋರ್ಗೋಸ್, ಹೇಸರಗತ್ತೆಯ ಥಾನಾಸಿಸ್, ಕುಂಟು ಪನಾಯೋತಾ, ಮದುವೆಯಾಗದ ಎಫ್ತಿಹಿಯಾ, ಕೊನೆಯಲ್ಲಿ ಯಾವಾಗಲೂ ಗರೂಫಾಲ್ಯಾ. ಆ ಹೆಸರು ಬಂದಾಗ ಯಾಯಾ ಕಥೆ ಹೇಳುತ್ತಿರಲಿಲ್ಲ, ಎದೆಯ ಮೇಲೆ ಶಿಲುಬೆ ಬರೆದುಕೊಳ್ಳುತ್ತಿದ್ದಳು.

“ನಾನು ಹೋದ ಮೇಲೆ ಇದನ್ನು ಮಾಡಲು ಒಬ್ಬರು ಬೇಕು” ಎಂದು ಒಮ್ಮೆ ಯಾಯಾ ಹೇಳಿದ್ದಳು. ಆ ಒಬ್ಬರು ಯಾರು ಎಂದು ಹೇಳಿರಲಿಲ್ಲ. ಕಾಂಚನಾ ತಾನೇ ಎಂದು ಗಟ್ಟಿ ಮಾಡಿಕೊಂಡಿದ್ದಳು. ಶಾಲೆಯಲ್ಲಿ ಹಿಂದಿನ ಸಾಲು, ತವರಿನಲ್ಲಿ ನಾಲ್ವರ ನಡುವಿನವಳು, ಅತ್ತೆಮನೆಯಲ್ಲಿ ಕಿರಿ ಸೊಸೆ. ಯಾವುದಕ್ಕಾದರೂ ತಾನೊಬ್ಬಳೇ ಎಂದಾಗುವುದು ಅವಳ ಬಾಳಿನಲ್ಲಿ ಅದೇ ಮೊದಲು.

ಅಷ್ಟರಲ್ಲಿ ಕ್ರಿಸ್ಟಿನಾ ಬಂದಳು.

ಚಳಿಗಾಲದಲ್ಲಿ ಯಾಯಾ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಬಂದವಳು ಕ್ರಿಸ್ಟಿನಾ. ಬಂಟ್ವಾಳ ಕಡೆಯ ಕೊಂಕಣಿ ಕ್ರೈಸ್ತರ ಹುಡುಗಿ, ಕಾಂಚನಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಮಾತು ಕೇಳಿ ಕನ್ನಡದವಳೆಂದು ತಿಳಿದಾಗ ಕಾಂಚನಾಳಿಗೆ ಖುಷಿಯೇ ಆಗಿತ್ತು. “ಅಯ್ಯೋ, ನೀವು ಕನ್ನಡವಾ! ನಾನು ಇಷ್ಟು ಹೊತ್ತು ನಿಮ್ಮತ್ರ ಹಿಂದಿಯಲ್ಲಿ ಒದ್ದಾಡ್ತಾ ಇದ್ದೇನೆ ಮಾರಾಯ್ತಿ” ಎಂದು ನಕ್ಕವಳು ಅವಳೇ. ಆದರೆ ವ್ಯಾಯಾಮದ ವಾರಗಳು ಮುಗಿದ ಮೇಲೂ ಅವಳು ಬರುವುದನ್ನು ನಿಲ್ಲಿಸಲಿಲ್ಲ. ಡ್ಯೂಟಿ ಮುಗಿಸಿ, ಸ್ವಂತ ಕಾರಿನಲ್ಲಿ, ಕೈಯಲ್ಲಿ ಏನಾದರೂ ಹಿಡಿದು ಬರುತ್ತಿದ್ದಳು. ಯಾಯಾಳ ಜೊತೆ ಪೂರಾ ಪೂರಾ ವಾಕ್ಯಗಳ ಇಂಗ್ಲಿಷ್ ಮಾತಾಡುತ್ತಿದ್ದಳು. ಕಾಂಚನಾ ಎರಡು ವರ್ಷದಲ್ಲಿ ಚೂರುಚೂರಾಗಿ ಹೆಕ್ಕಿಕೊಂಡ ಕಥೆಗಳೆಲ್ಲ ಅವಳಿಗೆ ಒಂದೊಂದು ಸಂಜೆಗೆ ಇಡಿಯಾಗಿ ಸಿಗುತ್ತಿದ್ದವು.

ಒಂದು ದಿನ ಅವಳು ಫೋನು ತೆಗೆದು, “ಊರಿನ ಹೆಸರು ಹೇಗೆ ಬರೀತಾರೆ ಯಾಯಾ?” ಎಂದು ಕೇಳಿ, ಬೆರಳಾಡಿಸಿ, ಅಲೋನಾಕಿಯನ್ನು ತೆರೆದೇಬಿಟ್ಟಳು. ಆಕಾಶದಿಂದ ತೆಗೆದ ಚಿತ್ರ. ಬೂದು ಹೆಂಚಿನ ಮಾಡುಗಳು, ಗುಡ್ಡ ಸುತ್ತಿದ ರಸ್ತೆ, ನಡುವೆ ಕಾಸಿನಗಲದ ಬಿಳಿ ದುಂಡು. ಅದೇ ಕಣ. ಯಾಯಾ ಫೋನಿಗೆ ಮುಖ ತಾಗಿಸಿ ನೋಡಿದಳು, ಅತ್ತಳು, ಕ್ರಿಸ್ಟಿನಾಳ ಎರಡೂ ಕೈಗಳಿಗೆ ಮುತ್ತಿಟ್ಟಳು. “ನೀನೂ ನೋಡು ಬಾ” ಎಂದು ಕಾಂಚನಾಳನ್ನು ಕರೆದಳು. ಕಾಂಚನಾ ನೋಡಿದಳು. ನೋಡಬಾರದಿತ್ತು. ಅವಳ ಅಲೋನಾಕಿಯಲ್ಲಿ ಚರ್ಚು ಇದ್ದದ್ದು ತನ್ನೂರಿನ ಹಣಮಪ್ಪನ ಗುಡಿ ಇರುವಲ್ಲಿ, ನೀರಿನ ಬುಗ್ಗೆ ಇದ್ದದ್ದು ಎಡಕ್ಕೆ. ತವರುಮನೆಯ ಬಚ್ಚಲಿಗೆ ಮೆಟ್ಟಿಲಾಗಿದ್ದ, ಸೊಂಟ ಬಳುಕಿಸಿ ನಿಂತ ಹೆಣ್ಣಿನ ಕಲ್ಲನ್ನು ಸಹ ಅವಳು ಅಲ್ಲೇ ಎಲ್ಲೋ ಒಂದು ಗೋಡೆಗೆ ಸೇರಿಸಿದ್ದಳು. ಆ ಕಲ್ಲಿನ ಸಂಗತಿ ಹೇಳಿದಾಗ ಯಾಯಾ, “ನಿನ್ನ ಊರು, ನನ್ನ ಊರು, ಅಕ್ಕ ತಂಗಿ” ಎಂದಿದ್ದಳು. ಫೋನಿನ ಊರಿನಲ್ಲಿ ಬುಗ್ಗೆ ಬಲಕ್ಕಿತ್ತು. ಅಂದಿನಿಂದ ಕಣ್ಣು ಮುಚ್ಚಿದರೂ ಹಳೆಯ ಅಲೋನಾಕಿ ಕಾಂಚನಾಳಿಗೆ ಕಾಣಿಸದಾಯಿತು.

“ಏನ ಮಾರಿ ಹಿಂಗ್ಯಾಕ?” ಎಂದು ರಾತ್ರಿ ಊಟಕ್ಕೆ ಕೂತಾಗ ಶರಣು ಕೇಳಿದ.

“ಆ ಕ್ರಿಸ್ಟಿನಾ ಇವತ್ತೂ ಬಂದಿದ್ಲು.”

“ಬರ್ಲಿ ಬಿಡು. ಮುದುಕಿಗೆ ಚಲೋ ಆತಲ್ಲ.”

“ಬಾಳ ಚಲೋ ಆತು.”

ಶರಣು ರೊಟ್ಟಿ ಮುರಿಯುತ್ತ ಅವಳ ಮುಖ ನೋಡಿದ. “ಗಂಡಗ ಸವತಿ ಬಂದ್ರ ಸಿಟ್ಟಾಗೂದು ಕೇಳೀನಿ. ಮುದುಕಿಗೆ ಸವತಿ ಬಂದಾಳಂತ ಸಿಟ್ಟಾದಾಕೀನ ನಿನ್ನೊಬ್ಬಾಕಿನ್ನ ನೋಡಿದೆ” ಎಂದು ನಕ್ಕ. ಅವಳು ನಗಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಗಂಡನಿಗೆ ಹೇಳದ ಮಾತು ಇನ್ನೊಂದಿತ್ತು. ಅವಳ ಮುಟ್ಟು ನಿಂತಿತ್ತು. ಹೋದ ವರ್ಷ ಗೋಧಿಯ ಶನಿವಾರ ಕಳೆದ ಮೇಲೆ ಒಮ್ಮೆ ಹೀಗೇ ನಿಂತು, ಅವನು ಊರಿಗೆಲ್ಲ ಫೋನು ಮಾಡಿ ಹೇಳಿ, ಅವಳ ತಾಯಿ ಹುಗ್ಗಿಗೆಂದು ಕುಟ್ಟಿದ ಗೋಧಿಯ ಗಂಟನ್ನು ಯಾರದೋ ಕೈಯಲ್ಲಿ ಕಳಿಸಿ, ಅದು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಇಳಿದುಹೋಗಿತ್ತು. ಗಂಟು ಹಾಗೇ ಕಪಾಟಿನಲ್ಲಿತ್ತು. ಈ ಸಲ ಗಟ್ಟಿಯಾಗುವವರೆಗೆ ಯಾರಿಗೂ ಹೇಳಬಾರದೆಂದು, ವಾಂತಿ ಬಂದರೆ ನಲ್ಲಿ ತಿರುಗಿಸಿ ಸದ್ದು ಮುಚ್ಚುತ್ತಿದ್ದಳು.

ಯಾಯಾ ಬದಲಾದದ್ದು ಅದೇ ದಿನಗಳಲ್ಲಿ. ಬೆಳಗಿನ ಹೊತ್ತು ಇಬ್ಬರೂ ಕುಡಿಯುತ್ತಿದ್ದ ಕಡುಗಪ್ಪು ಕಾಫಿಯನ್ನು ಅವಳು ನಿಲ್ಲಿಸಿಬಿಟ್ಟಳು. “ನೀನು ಹಾಲು ಕುಡಿ” ಎಂದಳು. ಕಾಫಿಯ ಪುಟ್ಟ ಬಟ್ಟಲು ಸಂಜೆ ಕ್ರಿಸ್ಟಿನಾಳಿಗೆ ಹೊರಬರುತ್ತಿತ್ತು. ಕಾಫಿಯ ವಾಸನೆ ತಡೆಯದೆ ತಾನೇ ಒಂದು ದಿನ ಬಟ್ಟಲನ್ನು ದೂರ ತಳ್ಳಿದ್ದುದು ನಿಜವೇ. ಆದರೂ ಬಟ್ಟಲು ಇನ್ನೊಬ್ಬಳ ಕೈಯಲ್ಲಿ ಕಂಡಾಗ ಕಾಂಚನಾ ಹಾಲನ್ನು ಅರ್ಧಕ್ಕೇ ಕೆಳಗಿಡುತ್ತಿದ್ದಳು. ನೆಲ ಒರೆಸಲು ಬಗ್ಗಿದರೆ, “ಖಲಾಸ್, ಬಿಡು” ಎನ್ನುತ್ತಿದ್ದಳು ಯಾಯಾ. ಸ್ಟೂಲು ಹತ್ತಲು ಹೋದರೆ, ಬೇಡವೆಂದು ಕೈಯಾಡಿಸಿ, “ಲಾ, ಲಾ. ಕ್ರಿಸ್ಟಿನಾ ತೆಗೆಯುತ್ತಾಳೆ.” ಕಿಟಕಿಯ ಪಕ್ಕದ ಮೆತ್ತೆಯ ಕುರ್ಚಿಯಲ್ಲಿ ಕೂರಿಸಿ, “ಇಲ್ಲೇ ಇರು” ಎನ್ನುತ್ತಿದ್ದಳು. ಬೇಡವಾದ ಸಾಮಾನನ್ನು ಮೂಲೆಗೆ ಇಟ್ಟ ಹಾಗೆ ಎಂದು ಕಾಂಚನಾಳಿಗೆ ಅನ್ನಿಸುತ್ತಿತ್ತು.

ಗೋಧಿಯ ಶನಿವಾರ ಹತ್ತಿರ ಬಂತು. ಕಾಂಚನಾ ಬಿಳಿ ಬಟ್ಟೆಯನ್ನು ಒಗೆದು ಮಡಿಸಿ ಇಟ್ಟಿದ್ದಳು. ಷೆಲ್ಫಿನ ಮೇಲೆ ಗಾಜಿನ ಬಾಟಲಿಯಲ್ಲಿ ಅಲೋನಾಕಿಯ ಗೋಧಿ ಇತ್ತು. ಕಂದುಬಣ್ಣದ ಸಣ್ಣ ಕಾಳು, ಅಂಗಡಿಯದರಂತೆ ದಪ್ಪವಲ್ಲ. ಯಾಯಾಳ ದಾಯಾದಿಯೊಬ್ಬ ಪ್ರತಿ ವರ್ಷ ಬೆಳೆದು ಒಂದೆರಡು ಹಿಡಿ ಕಳಿಸುತ್ತಿದ್ದ. ಅಂಗಡಿಯ ಗೋಧಿಗೆ ಅದರಿಂದ ಒಂದೊಂದು ಹಿಡಿ ಬೆರೆಸುವುದು ರೂಢಿ. ಆ ದಾಯಾದಿ ಈ ಚಳಿಗಾಲದಲ್ಲಿ ತೀರಿಕೊಂಡಿದ್ದ. ಇನ್ನು ಬಿತ್ತುವವರಿಲ್ಲ. ಬಾಟಲಿಯಲ್ಲಿ ಉಳಿದದ್ದು ಕೊನೆಯ ಹಿಡಿ. ಅದರ ಮುಚ್ಚಳ ತೆಗೆಯುವ ಕೈ ತನ್ನದೇ ಎಂದು ಕಾಂಚನಾ ಕಾಯುತ್ತಿದ್ದಳು.

ಬುಧವಾರ ಯಾಯಾ ತನ್ನ ನಡುಗುವ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, “ಈ ವರ್ಷ ಕ್ರಿಸ್ಟಿನಾ ಗೋಧಿ ಮಾಡುತ್ತಾಳೆ” ಎಂದಳು.

ಕಾಂಚನಾ ಧೂಳು ಒರೆಸುತ್ತಿದ್ದ ಬಟ್ಟೆ ಅಲ್ಲೇ ನಿಂತಿತು.

“ಅವಳ ಹತ್ತಿರ ಕಾರು ಇದೆ. ಚರ್ಚಿಗೆ ಕರೆದುಕೊಂಡು ಹೋಗುತ್ತಾಳೆ. ನೀನು ಮುಟ್ಟಬೇಡ, ಹಬೀಬ್ತಿ. ಹತ್ತಿರವೂ ಬರಬೇಡ. ಸರಿಯಾ?”

ಮುಟ್ಟಬೇಡ. ‘ಹಬೀಬ್ತಿ’ ಎಂಬ ಮುದ್ದಿನ ಕರೆಯನ್ನು ಬಿಟ್ಟು ಆ ಒಂದು ಮಾತೇ ಕಾಂಚನಾಳ ಕಿವಿಯಲ್ಲಿ ಕೂತಿತು. ಅವಳು ಶಿಲುಬೆಯವಳು, ನಾನು ಹಣಮಪ್ಪನವಳು. ಎರಡು ವರ್ಷ ಬೇರೆ ದಿಕ್ಕಿರಲಿಲ್ಲ, ನನ್ನ ಕೈ ನಡೆಯಿತು. ಈಗ ತಮ್ಮವಳು ಸಿಕ್ಕಳು. ಹಾಗೆಂದು ಅವಳೇ ಅರ್ಥ ಮಾಡಿಕೊಂಡಳು. ಬಾಯಿಬಿಟ್ಟು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳುವುದು ಅವಳ ಸ್ವಭಾವದಲ್ಲಿರಲಿಲ್ಲ. ತಲೆಯಾಡಿಸಿ ಧೂಳು ಒರೆಸುವುದನ್ನು ಮುಂದುವರಿಸಿದಳು.

ಗುರುವಾರ ಸಂಜೆ ಹೊರಗೆ ಧೂಳುಗಾಳಿ ಎದ್ದು ಆಕಾಶವೆಲ್ಲ ಇಟ್ಟಿಗೆ ಬಣ್ಣವಾಗಿತ್ತು. ಯಾಯಾ ಹೇಗೆ ಮಾಡಬೇಕೆಂದು ಹೇಳಲು ಶುರುಮಾಡಿ, ಬೇಯಿಸುವವರೆಗೆ ಹೇಳಿ, ಧೂಳಿಗೆ ಉಬ್ಬಸ ಬಂದು ಔಷಧ ತೆಗೆದುಕೊಂಡು ಮಲಗಿದಳು. ಅವಳಿಗೆ ಕೂಡಲೇ ಮಂಪರು ಹತ್ತಿತು. ಕ್ರಿಸ್ಟಿನಾ ಆಸ್ಪತ್ರೆಯ ಬಟ್ಟೆಯಲ್ಲೇ ಒಲೆಯ ಮುಂದೆ ನಿಂತಿದ್ದಳು. ಕಾಂಚನಾ ಅಡುಗೆಮನೆಯ ಬಾಗಿಲಿಗೆ ಒರಗಿದ್ದಳು. ಹತ್ತಿರ ಬರಬೇಡ ಎಂದರೆ ಹೊಸ್ತಿಲು ದಾಟಬೇಡ ಎಂದು. ನೋಡಬೇಡ ಎಂದು ಯಾರೂ ಹೇಳಿರಲಿಲ್ಲ.

ಕ್ರಿಸ್ಟಿನಾ ಬಾಟಲಿಯ ಮುಚ್ಚಳ ತಿರುಗಿಸಿ, ಕೊನೆಯ ಹಿಡಿಯನ್ನೂ ಪಾತ್ರೆಗೆ ಸುರಿದಳು. ತಳದಲ್ಲಿ ಅಂಟಿದ್ದನ್ನು ತಟ್ಟಿ ತಟ್ಟಿ ಉದುರಿಸಿದಳು.

“ನಮ್ಮಲ್ಲಿ ಸತ್ತವರ ಹೆಸರಲ್ಲಿ ಪೂಜೆ ಇಡ್ತೇವೆ, ಅಷ್ಟೇ. ತಿಂಡಿ ಎಲ್ಲ ಇಲ್ಲಪ್ಪ” ಎಂದಳು ಅವಳು. “ಇವರದ್ದು ಒಂಥರಾ ಒಳ್ಳೇದು ಅಲ್ವಾ? ಹೋಗುವಾಗ ಬುತ್ತಿ ಕಟ್ಟಿ ಕಳಿಸಿದ ಹಾಗೆ.”

“ಹೂಂ.”

“ನೀವು ಎಂತ ಇವತ್ತು ಭಾರೀ ಗಪ್‌ಚಿಪ್. ಅಲ್ಲ, ನೀವು ಯಾವಾಗಲೂ ಹಾಗೇ ಬಿಡಿ. ನಾನೇ ಜಾಸ್ತಿ ಕೊರೆಯೋದು.”

ಕಾಳು ಬಿರಿಯಿತು. ಕ್ರಿಸ್ಟಿನಾ ಸರಿಯಾದ ಹದಕ್ಕೇ ಉರಿ ಆರಿಸಿದಳೆಂಬುದು ಕಾಂಚನಾಳ ಸಂಕಟ. ನೀರು ಬಸಿದಳು. ಆವಿಯೇಳುವ ಗೋಧಿಯನ್ನು ಮರಳಿ ಪಾತ್ರೆಗೆ ಹಾಕಿದಳು. ಮಡಿಸಿಟ್ಟ ಬಿಳಿ ಬಟ್ಟೆ ಅವಳ ಮೊಣಕೈಯ ಪಕ್ಕದಲ್ಲೇ ಇತ್ತು.

“ಇನ್ನೆಂತ ಉಂಟು ಇದಕ್ಕೆ? ಇಷ್ಟೇ ಅಲ್ವಾ? ಸಕ್ಕರೆ ಎಲ್ಲ ಆಮೇಲೆ ಅಂತ ಹೇಳಿದ್ರು.”

ಕಾಂಚನಾಳ ನಾಲಿಗೆಯ ತುದಿಯಲ್ಲೇ ಇತ್ತು ಅದು. ಹರಡ್ರಿ. ಒಂದೇ ಮಾತು.

“ಯಾಯಾನ್ನ ಕೇಳ್ರಿ” ಎಂದಳು.

“ಪಾಪ, ಮಲಗಿದ್ದಾರೆ. ಎಬ್ಬಿಸೋದು ಬೇಡ.” ಕ್ರಿಸ್ಟಿನಾ ಕಿಟಕಿಯ ಕಡೆ ನೋಡಿದಳು. “ಈ ಧೂಳಿಗೆ ಬಿಟ್ಟಿಟ್ರೆ ಮರಳೇ ತಿನ್ನಬೇಕು. ಮುಚ್ಚಿಡ್ತೇನೆ.” ಮುಚ್ಚಳ ಹಾಕಿದಳು. ಸಾಲದೆಂದು ಆ ಬಿಳಿ ಬಟ್ಟೆಯನ್ನೇ ತೆಗೆದು ಪಾತ್ರೆಯ ಸುತ್ತ ಬಿಗಿಯಾಗಿ ಸುತ್ತಿದಳು, ಮಗುವಿಗೆ ಟೋಪಿ ಕಟ್ಟಿದ ಹಾಗೆ.

ಕಾಂಚನಾ ಅದನ್ನು ಪೂರ್ತಿಯಾಗಿ ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿ ಮೇಲೆ ತನ್ನ ಮನೆಗೆ ಹೋದಳು. ಯಾರೂ ಅವಳನ್ನು ತಪ್ಪು ಎನ್ನುವಂತಿರಲಿಲ್ಲ. ಮಾತಾಡದವಳು ಮಾತಾಡಲಿಲ್ಲ, ಅಷ್ಟೇ. ನಾಚಿಕೆಯ ಹುಡುಗಿ ಎಂದು ಎಲ್ಲರೂ ಅನ್ನುವುದರಿಂದ ಇಂಥದ್ದೊಂದು ಉಪಯೋಗವಿದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹುಳಿವಾಸನೆ ಮೂಗಿಗೆ ಬಡಿಯಿತು. ಯಾಯಾ ಕೋಲೂರಿ ಒಲೆಯ ಮುಂದೆ ನಿಂತಿದ್ದಳು. ರಜೆಯೆಂದು ಬೇಗ ಬಂದಿದ್ದ ಕ್ರಿಸ್ಟಿನಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಯಾಯಾ ಪಾತ್ರೆಯೊಳಗೆ ಬೆರಳದ್ದಿ ಎತ್ತಿದಳು. ಕಾಳುಗಳು ಒಂದಕ್ಕೊಂದು ಅಂಟಿ ನೂಲಿನಂತೆ ಎಳೆ ಬಂತು. ಅವಳು ಆ ಮುದ್ದೆಯಲ್ಲಿ ಹುಡುಕಿ ಹುಡುಕಿ ಒಂದು ಕಂದು ಕಾಳನ್ನು ಬಿಡಿಸಿ ಅಂಗೈ ಮೇಲಿಟ್ಟುಕೊಂಡಳು. ಮತ್ತೊಂದನ್ನು ಬಿಡಿಸಿದಳು. ಬೈದಿದ್ದರೆ ಕಾಂಚನಾಳಿಗೆ ನಿಲ್ಲಲು ಸುಲಭವಾಗುತ್ತಿತ್ತು.

ಇದಕ್ಕಾಗಿಯೇ ಕಾದಿದ್ದಳಲ್ಲವೇ ಅವಳು? ಕ್ರಿಸ್ಟಿನಾಳ ಮುಖ ಬಾಡಿತ್ತು, ಕಣ್ಣು ತುಂಬಿತ್ತು. ಕಾಂಚನಾಳ ಎದೆಯಲ್ಲಿ ಒಂದು ಗಳಿಗೆ ಬೆಚ್ಚಗಾಯಿತು ಕೂಡ. ಆದರೆ ಆ ಕಂದು ಕಾಳುಗಳನ್ನು ನೋಡುತ್ತಿದ್ದಂತೆ ಆ ಬಿಸಿ ಆರಿಹೋಯಿತು. ಖಾಲಿ ಬಾಟಲಿ ಸಿಂಕಿನ ಪಕ್ಕದಲ್ಲಿ ಮಗುಚಿಕೊಂಡಿತ್ತು.

“ಕಾಂಚನಾ” ಎಂದಳು ಯಾಯಾ. “ನಿನ್ನೆ ನೀನು ಇಲ್ಲಿದ್ದೆಯಾ?”

“ಇದ್ದೆ.”

“ಬಟ್ಟೆ ಸುತ್ತುವಾಗ?”

ಕಾಂಚನಾ ನೆಲ ನೋಡಿದಳು. “ಇದ್ದೆ.”

“ಅಯ್ಯೋ, ಅವಳಿಗೆಂತ ಹೇಳೋದು ನೀವು” ಎಂದು ಕ್ರಿಸ್ಟಿನಾ ಮೂಗೊರೆಸಿಕೊಂಡು ನಡುವೆ ಬಂದಳು. ಇಂಗ್ಲಿಷಿನಲ್ಲಿ ಯಾಯಾಳಿಗೆ ಅದನ್ನೇ ಹೇಳಿ, ಕಾಂಚನಾಳ ಕಡೆ ತಿರುಗಿ ಕನ್ನಡಕ್ಕೆ ಬಂದಳು. “ನೀವು ಬೇಜಾರು ಮಾಡ್ಬೇಡಿ. ತಪ್ಪು ನನ್ನದು. ನಿಮ್ಮನ್ನು ಇದರ ಹತ್ತಿರ ಬಿಡಬೇಡ ಅಂತ ಯಾಯಾನೇ ಹೇಳಿದ್ದಲ್ವಾ. ನೀವು ದೂರ ನಿಂತದ್ದೇ ಸರಿ. ಈ ಟೈಮಲ್ಲಿ.”

“ಯಾವ ಟೈಮ್?”

ಕ್ರಿಸ್ಟಿನಾ ಕಣ್ಣರಳಿಸಿದಳು. “ನಿಮಗೆ ಉಂಟಲ್ಲ... ಮೂರು ತಿಂಗಳಾಗಲಿ ಅಂತ ಸುಮ್ಮನಿದ್ದೀರಿ ಅಂತ ಗ್ರಹಿಸಿದೆ. ಯಾಯಾ ಆವಾಗಲೇ ಹೇಳಿದ್ರು. ನೀವು ಕಾಫಿಯನ್ನು ದೂರ ತಳ್ಳಿದ ದಿನವೇ ಅವರಿಗೆ ಗೊತ್ತಾಗಿದೆ. ಅವರ ಊರಲ್ಲಿ ಬಸುರಿಯರು ಸತ್ತವರ ಗೋಧಿ ಮುಟ್ಟಬಾರದಂತೆ. ಅವರ ತಂಗಿ ಮುಟ್ಟಿದ್ದರಂತೆ, ಯಾರೂ ಇಲ್ಲ ಅಂತ ಒಬ್ಬರೇ ಮಾಡಿದ್ದರಂತೆ. ಹೆರಿಗೆಯಲ್ಲಿ ಮಗುವೂ ಹೋಯ್ತು, ಅವರೂ ಹೋದ್ರು. ಎಂತದೋ ಹೆಸರು, ಗರು...”

“ಗರೂಫಾಲ್ಯಾ” ಎಂದಳು ಕಾಂಚನಾ.

ಯಾಯಾ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.

ಹಾಲು, ಸ್ಟೂಲು, ಮೆತ್ತೆಯ ಕುರ್ಚಿ, ಎಲ್ಲವೂ ಒಂದೊಂದಾಗಿ ಮುಖ ತಿರುಗಿಸಿ ಕಾಂಚನಾಳನ್ನು ನೋಡಿದವು. ತನ್ನೂರಿನಲ್ಲಿ ಸಹ ಬಸುರಿಯನ್ನು ತಿಥಿಯ ಮನೆಗೆ ಕಳಿಸುವುದಿಲ್ಲ, ಅಲ್ಲಿಯ ಊಟದ ಎಲೆ ಮುಟ್ಟಿಸುವುದಿಲ್ಲ. ಅವಳಿಗೆ ಅದು ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದೂ ಹೊಳೆದಿರಲಿಲ್ಲ. ಆದರೆ ಅಷ್ಟರ ನಡುವೆಯೂ ಇನ್ನೊಂದು ಸಣ್ಣ ಮುಳ್ಳು ಚುಚ್ಚಿತು: ನನ್ನ ಹೊಟ್ಟೆಯ ಸುದ್ದಿ ನನ್ನ ಗಂಡನಿಗಿಂತ ಮೊದಲು ಇವಳಿಗೆ ಗೊತ್ತಾಯಿತು. ನಾಚಿಕೆಯ ಜೊತೆಗೇ ಆ ಹೊಟ್ಟೆಕಿಚ್ಚೂ ಬಂತು. ಎರಡೂ ಒಂದೇ ಪಾತ್ರೆಯಲ್ಲಿ ಅಂಟಿಕೊಂಡು ಎಳೆ ಬಿಡುತ್ತಿದ್ದವು.

ಯಾಯಾ ಕೋಲೂರುತ್ತ ಅವಳ ಹತ್ತಿರ ಬಂದಳು. ಈಗ ಅವರಿಬ್ಬರ ಭಾಷೆಯಲ್ಲಿ, ಕ್ರಿಸ್ಟಿನಾಳಿಗೆ ತಿಳಿಯದಂತೆ, ಮೆಲ್ಲಗೆ ಹೇಳಿದಳು. “ನೀನು ಎಲ್ಲ ನೋಡುತ್ತೀ. ನಿನ್ನೆಯೂ ನೋಡಿದೆ.”

“ಹೌದು, ಯಾಯಾ.”

“ಹೇಳಲಿಲ್ಲ.”

“ಹೇಳಲಿಲ್ಲ.”

ಯಾಯಾ ಅವಳ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಯಾರೋ ದೂರದ ಪ್ರಯಾಣದಿಂದ ಬಂದವರು ತಮ್ಮ ಮನೆಯ ಬೀಗ ಒಡೆದದ್ದನ್ನು ಕಂಡು ಹೊಸ್ತಿಲಲ್ಲಿ ನಿಂತ ಹಾಗಿತ್ತು.

“ನನ್ನ ಕಡೆ ಗೋಧಿ ಐತಿ” ಎಂದಳು ಕಾಂಚನಾ ಅವಸರವಾಗಿ. “ನಮ್ಮವ್ವ ಕಳಿಸಿದ್ದು. ಅಂಗಡೀದಲ್ಲ, ಹೊಲದ್ದು. ಕ್ರಿಸ್ಟಿನಾ ಅವರ ಕೈಲೆ ತರಿಸ್ತೀನಿ, ನಾ ಮುಟ್ಟೂದಿಲ್ಲ. ಅದನ್ನ ಬೆರಸ್ರಿ.”

“ಅಮ್ಮ ಯಾಕೆ ಕಳಿಸಿದಳು?”

ಕಾಂಚನಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

“ಲಾ” ಎಂದಳು ಯಾಯಾ. “ಅದು ಬರುವವರ ಗೋಧಿ. ಹೋದವರಿಗೆ ಕೊಡಬೇಡ.”

ಹಾಗಾಗಿ ಅಲೋನಾಕಿಯ ಗೋಧಿಯ ಬದಲಿಗೆ ಕೊಡಲು ಕಾಂಚನಾಳ ಬಳಿ ಏನೂ ಇರಲಿಲ್ಲ. ಹುಳಿತದ್ದನ್ನು ಎಸೆಯಲು ಯಾಯಾ ಬಿಡಲಿಲ್ಲ. ಕ್ರಿಸ್ಟಿನಾ ಅದನ್ನು ತಾರಸಿಗೆ ಒಯ್ದು ಪಾರಿವಾಳಗಳಿಗೆ ಸುರಿದು, ಬರುವಾಗ ಕೆಳಗಿನ ಬಕಾಲಾ ಅಂಗಡಿಯಿಂದ ಒಂದು ಪೊಟ್ಟಣ ಗೋಧಿ ತಂದಳು. ಬೆಳ್ಳಗೆ, ದಪ್ಪಗೆ, ಎಲ್ಲಿ ಬೆಳೆದದ್ದೋ ಯಾರಿಗೆ ಗೊತ್ತು.

“ಈ ಸಲ ನೀವು ಹೇಳಿ, ನಾನು ಮಾಡ್ತೇನೆ” ಎಂದಳು ಅವಳು ಅಂಗಿಯ ತೋಳು ಮೇಲೇರಿಸುತ್ತ. “ನನಗೆ ಎಂತದೂ ಬರೂದಿಲ್ಲ ಅಂತಲೇ ತಿಳ್ಕೊಳ್ಳಿ.”

ಯಾಯಾ ಸೋಫಾದ ಮೇಲೆ ಒರಗಿದಳು. ಉಸಿರಾಡಲು ಕಷ್ಟಪಡುತ್ತಿದ್ದಳು, ಹೆಸರು ಹೇಳುವ ಶಕ್ತಿ ಅವಳಿಗಿರಲಿಲ್ಲ. ಕೈಯಿಂದ ಕಾಂಚನಾಳ ಕಡೆ ತೋರಿಸಿ, “ಅವಳಿಗೆ ಗೊತ್ತು” ಎಂದಷ್ಟೇ ಅಂದಳು. ಎರಡು ವರ್ಷದಿಂದ ಕೇಳಬೇಕೆಂದಿದ್ದ ಮಾತು ಅದು. ಈಗ ಕೇಳಿಸಿದ್ದು ಕಾಂಚನಾಳಿಗೆ ಬೇರೆಯೇ ಒಂದರ್ಥದಲ್ಲಿ.

ಅವಳು ಮೆತ್ತೆಯ ಕುರ್ಚಿಯನ್ನು ಅಡುಗೆಮನೆಯ ಹೊಸ್ತಿಲವರೆಗೆ ಎಳೆದುಕೊಂಡು ಕೂತಳು. ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು. ಹೇಳತೊಡಗಿದಳು. ನೀರು ಇಷ್ಟು. ಉರಿ ಇಷ್ಟು. ಈಗ ಒಂದು ಕಾಳು ತೆಗೆದು ಒತ್ತಿ ನೋಡ್ರಿ. ಇನ್ನೂ ಆಗಿಲ್ಲ. ಅಷ್ಟು ಹೊತ್ತು ಒಂದೇ ಸಮನೆ ಅವಳು ಮಾತಾಡಿದ್ದನ್ನು ಆ ಮನೆಯ ಗೋಡೆಗಳು ಕೇಳಿರಲಿಲ್ಲ. ಬೆಂದ ಮೇಲೆ ಬಸಿಯಿಸಿದಳು. ಒಗೆದ ಬಿಳಿ ಬಟ್ಟೆಯನ್ನು ಊಟದ ಮೇಜಿನ ಮೇಲೆ ಹಾಸಿಸಿ, ಫ್ಯಾನು ಹಾಕಿಸಿ, “ಹರಡ್ರಿ. ತೆಳ್ಳಗ. ಒಂದರ ಮೈ ಒಂದಕ್ಕ ಹತ್ತಬಾರದು” ಎಂದಳು. ನಿನ್ನೆ ನುಂಗಿದ ಮಾತು ಒಂದು ದಿನ ತಡವಾಗಿ ಹೊರಗೆ ಬಂತು.

ಕ್ರಿಸ್ಟಿನಾಳ ಉದ್ದ ಬೆರಳುಗಳು ಗೋಧಿಯನ್ನು ಹರಡುತ್ತಿದ್ದವು. ಕಾಂಚನಾಳಿಗೆ ಅವುಗಳ ಮೇಲಿಂದ ಕಣ್ಣು ತೆಗೆಯಲಾಗಲಿಲ್ಲ. ಅವು ಅಲ್ಲಿರಬಾರದಿತ್ತು, ಅಲ್ಲಿ ತನ್ನವು ಇರಬೇಕಿತ್ತು ಎಂದು ಈಗಲೂ ಅನ್ನಿಸುತ್ತಿತ್ತು. ಕಾರಣ ತಿಳಿದರೂ ಆ ಅನ್ನಿಸಿಕೆ ಜಾಗ ಬಿಟ್ಟು ಹೋಗಲಿಲ್ಲ.

“ಇನ್ನು ಹೆಸರು” ಎಂದಳು. “ನಾ ಅಂದಂಗ ಅನ್ರಿ. ಯೋರ್ಗೋಸ್. ಗಿರಣಿ ಇತ್ತು ಅವರದು.”

“ಯೋರ್ಗೋಸ್.”

“ಥಾನಾಸಿಸ್. ಪನಾಯೋತಾ. ಎಫ್ತಿಹಿಯಾ.”

ಕ್ರಿಸ್ಟಿನಾ ಒಂದೊಂದನ್ನೂ ಹೇಳುತ್ತ ಒಂದೊಂದು ಹಿಡಿ ಹರಡಿದಳು. ಸೋಫಾದ ಮೇಲೆ ಯಾಯಾ ಕಣ್ಣು ಮುಚ್ಚಿ, ಬರಿಯ ತುಟಿಯಾಡಿಸುತ್ತ ಜೊತೆಗೂಡುತ್ತಿದ್ದಳು. ಈ ವರ್ಷ ಹೊಸದಾಗಿ ಸೇರಿದ ದಾಯಾದಿಯ ಹೆಸರೂ ಬಂತು, ಅವನ ಗೋಧಿ ಇಲ್ಲದೆಯೇ. ಕೊನೆಯ ಹೆಸರಿಗೆ ಬಂದಾಗ ಕಾಂಚನಾಳಿಗೆ ಅರಿವಿಲ್ಲದೆ ಅಂಗೈ ಹೊಟ್ಟೆಯ ಮೇಲೆ ಹೋಗಿ ಕೂತಿತು.

“ಗರೂಫಾಲ್ಯಾ.”

“ಗರಫೂಲಿಯಾ” ಎಂದಳು ಕ್ರಿಸ್ಟಿನಾ ಶ್ರದ್ಧೆಯಿಂದ, ಕೊನೆಯ ಹಿಡಿ ಹರಡುತ್ತ.

ತಪ್ಪಾಗಿತ್ತು. ಯಾಯಾಳ ಮುಚ್ಚಿದ ರೆಪ್ಪೆಗಳು ಕದಲಿದವು. ತಿದ್ದಬೇಕೆಂದು ಕಾಂಚನಾಳಿಗೆ ಗೊತ್ತಿತ್ತು, ಮತ್ತು ತಿದ್ದಿದಳು. ಆದರೆ ಕೂಡಲೇ ಅಲ್ಲ. ಫ್ಯಾನಿನ ಗಾಳಿಗೆ ಬಟ್ಟೆಯ ಅಂಚು ಒಂದು ಸಲ ಎದ್ದು ಬೀಳುವಷ್ಟು ಹೊತ್ತು, ಅವಳು ಆ ತಪ್ಪನ್ನು ಬಾಯೊಳಗೆ ಇಟ್ಟುಕೊಂಡು ಸವಿದಳು.